ವೈಟ್, ರಿಚರ್ಡ್

(1947– ) ಅಮೆರಿಕದ ಇತಿಹಾಸಕಾರ. ಮೂಲನಿವಾಸಿಗಳ ಚರಿತ್ರೆಯನ್ನೂ ಪರಿಸರದ ಚರಿತ್ರೆಯನ್ನೂ ಬೇರ್ಪಡಿಸದೆ ಬರೆದವರಲ್ಲಿ ಅಗ್ರಗಣ್ಯರು. ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಇವರು ಅಲ್ಲಿಯೂ, 1998ರಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿಯೂ ಪ್ರಾಧ್ಯಾಪಕರಾಗಿದ್ದರು.

1980ರಲ್ಲಿ ಪ್ರಕಟವಾದ ಮೊದಲ ಗ್ರಂಥ ವಾಷಿಂಗ್ಟನ್ ರಾಜ್ಯದ ಐಲೆಂಡ್ ಕೌಂಟಿಯ ನೆಲಬಳಕೆಯನ್ನು ಕುರಿತದ್ದು. ಅಲ್ಲಿನ ಸೇಲಿಶ್ ಜನರು ಹುಲ್ಲುಗಾವಲುಗಳಿಗೆ ಬೆಂಕಿಯಿಟ್ಟು, ಆಹಾರಕ್ಕೆ ಬೇಕಾದ ಕ್ಯಾಮಸ್ ಗೆಡ್ಡೆ ಮತ್ತು ಜರೀಗಿಡ ಹುಲುಸಾಗಿ ಬೆಳೆಯುವಂತೆ ಮಾಡುತ್ತಿದ್ದರು. ವಲಸೆ ಬಂದ ಬಿಳಿಯರು ಮನುಷ್ಯರ ಕೈಸೋಕದ ನೆಲವೆಂದು ಭಾವಿಸಿದ್ದು ವಾಸ್ತವವಾಗಿ ಮೂಲನಿವಾಸಿಗಳು ರೂಪಿಸಿದ ನೆಲವಾಗಿತ್ತು ಎಂಬುದನ್ನು ವೈಟ್ ತೋರಿಸಿಕೊಟ್ಟರು.

ಚಾಕ್ಟಾ, ಪಾನಿ ಮತ್ತು ನವಾಹೊ ಸಮುದಾಯಗಳನ್ನು ಕುರಿತ ‘ದಿ ರೂಟ್ಸ್ ಆಫ್ ಡಿಪೆಂಡೆನ್ಸಿ’ (1983) ಸ್ವಾವಲಂಬಿ ಜನರು ಪರಾವಲಂಬಿಗಳಾದ ಬಗೆಯನ್ನು ವಿವರಿಸುತ್ತದೆ. ನವಾಹೊಗಳ ಕುರಿ, ಆಡುಗಳು ಅತಿಯಾಗಿ ಮೇಯುವುದರಿಂದ ಮಣ್ಣು ಕೊಚ್ಚಿಹೋಗಿ ಬೋಲ್ಡರ್ ಅಣೆಕಟ್ಟಿನ ಜಲಾಶಯದಲ್ಲಿ ಹೂಳು ತುಂಬುತ್ತದೆಂದು ಸರ್ಕಾರ ಹೆದರಿತು. 1930ರ ದಶಕದಲ್ಲಿ ಅದು ಹಿಂಡುಗಳನ್ನು ಬಲವಂತವಾಗಿ ಕಡಿತಗೊಳಿಸಿದಾಗ, ಆಡಿನ ಹಾಲು, ಮಾಂಸವನ್ನೇ ನೆಚ್ಚಿದ್ದ ಬಡ ಕುಟುಂಬಗಳ ಬದುಕಿಗೆ ಕುತ್ತು ಬಂತು. ಈ ಸಮುದಾಯಗಳ ಅವನತಿ ವಿಧಿಲಿಖಿತವಲ್ಲ. ಮಾರುಕಟ್ಟೆ, ರಾಜಕಾರಣ ಮತ್ತು ಪರಿಸರದ ಬದಲಾವಣೆಗಳು ಸೇರಿ ತಂದದ್ದು ಎಂಬುದು ವೈಟ್ ಅವರ ಮುಖ್ಯ ವಾದ.

‘ದಿ ಮಿಡ್ಲ್ ಗ್ರೌಂಡ್’ (1991) ಇವರ ಅತ್ಯಂತ ಪ್ರಭಾವಶಾಲಿ ಕೃತಿ. 1650ರಿಂದ 1815ರವರೆಗಿನ ಮಹಾ ಸರೋವರಗಳ ಪ್ರದೇಶ ಇದರ ವಸ್ತು. ಅಲ್ಲಿ ಫ್ರೆಂಚರಿಗಾಗಲಿ ಆಲ್ಗಾಂಕ್ವಿಯನ್ ಜನರಿಗಾಗಲಿ ಇನ್ನೊಬ್ಬರನ್ನು ಬಲದಿಂದ ಮಣಿಸುವ ಶಕ್ತಿಯಿರಲಿಲ್ಲ. ಕೊಲೆ ನಡೆದಾಗ ಫ್ರೆಂಚರು ಕೊಲೆಗಾರನಿಗೆ ಮರಣದಂಡನೆ ಕೇಳುತ್ತಿದ್ದರು. ಮೂಲನಿವಾಸಿಗಳು ಸತ್ತವನ ಬಂಧುಗಳಿಗೆ ಕಾಣಿಕೆ ಕೊಟ್ಟು ರಾಜಿಯಾಗಬಯಸುತ್ತಿದ್ದರು. ಇಂಥ ಜಟಾಪಟಿಗಳಿಂದಲೇ ಇಬ್ಬರಿಗೂ ಒಪ್ಪಿತವಾದ ಹೊಸ ನಡಾವಳಿಗಳು ಹುಟ್ಟಿದವು.

‘ದಿ ಆರ್ಗ್ಯಾನಿಕ್ ಮೆಷಿನ್’ (1995) ಕೊಲಂಬಿಯಾ ನದಿಯ ಚರಿತ್ರೆ. ಸಾಲ್ಮನ್ ಮೀನುಗಾರಿಕೆಯಿಂದ ಜಲವಿದ್ಯುತ್ತಿನವರೆಗೆ, ಮನುಷ್ಯರು ನದಿಯನ್ನು ಅರಿತದ್ದು ದುಡಿಮೆಯ ಮೂಲಕ ಎಂದು ಅದು ಪ್ರತಿಪಾದಿಸುತ್ತದೆ. ಅದೇ ವರ್ಷ ಇವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು.

ಮೂಲನಿವಾಸಿಗಳನ್ನು ಪ್ರಕೃತಿಯ ಮುಗ್ಧ ಮಕ್ಕಳೆಂದಾಗಲಿ ಬರಿಯ ಬಲಿಪಶುಗಳೆಂದಾಗಲಿ ವೈಟ್ ಚಿತ್ರಿಸಲಿಲ್ಲ. ನೆಲವನ್ನು ತಿದ್ದಿದ, ವೈರಿಗಳೊಡನೆ ಚೌಕಾಶಿ ನಡೆಸಿದ, ಕೆಲವೊಮ್ಮೆ ಎಡವಿದ ಜನರಾಗಿ ಅವರಿಗೆ ಚರಿತ್ರೆಯಲ್ಲಿ ಸ್ಥಾನ ಕೊಟ್ಟದ್ದು ಇವರ ಹಿರಿಯ ಸಾಧನೆ.