ಉತಾರದಾಗ ಇಲ್ಲದ ಕೇರಿ

ದಿಲ್ಲಿಯಿಂದ ರೊಕ್ಕ ಬರುತ್ತದೆ. ಆ ರೊಕ್ಕಕ್ಕಿಂತ ಮೊದಲೇ ಒಂದು ಪ್ರಶ್ನೆ ಬಂದು ಕೇರಿಯ ಬಾಗಿಲಲ್ಲಿ ನಿಂತಿರುತ್ತದೆ: 'ಜಾಗಾದ ಉತಾರ ಎಲ್ಲೈತಿ?' ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯಲ್ಲಿ ಹುಟ್ಟಿದ ನಾವು ಈ ಪ್ರಶ್ನೆಯನ್ನು ಕೇಳುತ್ತಲೇ ಬೆಳೆದವರು. ಅಜ್ಜನನ್ನು ಕೇಳಿದರು, ಅಪ್ಪನನ್ನು ಕೇಳಿದರು, ಈಗ ಮೊಬೈಲ್ ಹಿಡಿದುಕೊಂಡು ಬಂದು ಅವ್ವನನ್ನು ಕೇಳುತ್ತಿದ್ದಾರೆ. ಉತ್ತರ ಕೊಡಲಾಗದೆ ತಲೆ ತಗ್ಗಿಸಿದವರು ಯಾವಾಗಲೂ ನಾವೇ. ಆದರೆ ಈ ಊರುಗಳಲ್ಲಿ ದಫ್ತರವನ್ನು ಇಟ್ಟವರು ಯಾರು, ಅದರಲ್ಲಿ ಏನನ್ನು ಬರೆದರು, ಏನನ್ನು ಬರೆಯದೆ ಬಿಟ್ಟರು ಎಂದು ತಿರುಗಿ ಕೇಳಿದವರು ಕಡಿಮೆ. ಈಗ ಅದನ್ನು ಕೇಳೋಣ.

ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. 1840ರ ದಶಕದಲ್ಲಿ ವಿಂಗೇಟ್ ಎಂಬ ಬ್ರಿಟಿಷ್ ಅಧಿಕಾರಿಯ ಉಸ್ತುವಾರಿಯಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂಮಾಪನ ನಡೆಯಿತು. ಹೊಲಹೊಲವನ್ನೂ ಸರಪಳಿ ಹಾಕಿ ಅಳೆದರು. ಕಲ್ಲು ನೆಟ್ಟರು. ಮಣ್ಣಿನ ಗುಣ ನೋಡಿ ದರ ಕಟ್ಟಿದರು, ಪ್ರತಿ ಹೊಲಕ್ಕೂ ಒಂದು ಸರ್ವೇ ನಂಬರು ಕೊಟ್ಟರು. ಜನ ವಾಸಿಸುವ ಜಾಗವನ್ನು ಮಾತ್ರ 'ಗಾಂವಠಾಣ' ಎಂದು ಒಂದೇ ಗೆರೆಯೊಳಗೆ ಹಾಕಿ ಹಾಗೇ ಬಿಟ್ಟರು. ಅಲ್ಲಿಂದ ಕಂದಾಯ ಹುಟ್ಟುವುದಿಲ್ಲ, ಅಳೆಯುವ ಖರ್ಚು ಯಾಕೆ? ಊರಿನ ನಕಾಶೆ ಎಂಬುದನ್ನು ಇವತ್ತು ಬಿಡಿಸಿ ನೋಡಿರಿ. ಹೊಲಗಳೆಲ್ಲ ಅಂಕಿ ಹೊತ್ತುಕೊಂಡು ನಿಂತಿವೆ, ನಡುವೆ ಊರು ಒಂದು ಖಾಲಿ ಕಲೆ.

ಆ ಖಾಲಿ ಜಾಗದೊಳಗೆ ಎಲ್ಲರೂ ಸಮಾನರಾಗಿದ್ದರೆ? ಇರಲಿಲ್ಲ. ವಾಡೇದವರಿಗೆ ಖರೀದಿ ಪತ್ರ ಇತ್ತು, ವಾಟ್ನಿ ಪತ್ರ ಇತ್ತು, ಕೋರ್ಟಿಗೆ ಹೋದ ವ್ಯಾಜ್ಯದ ನಕಲುಗಳಿದ್ದವು. ಅವು ಯಾವೂ ಇಲ್ಲದಿದ್ದರೂ ಬರೆಯುವ ಕುಲಕರ್ಣಿ, ಸಹಿ ಮಾಡುವ ಗೌಡ ಓಣಿಯಲ್ಲೇ ಇದ್ದರು. ಹಳ್ಳದ ಕಡೆ ಇಳಿಜಾರಿನಲ್ಲಿ, ಊರ ಹೊಲಸು ಹರಿದು ಬರುವ ಮಗ್ಗುಲಲ್ಲಿ ಇದ್ದ ಹೊಲಗೇರಿ ಮಾದರಗೇರಿಗಳಿಗೆ ಇದ್ದದ್ದು ಬಾಯಿಮಾತಿನ ಗಡಿ ಮಾತ್ರ. 'ಆ ಬೇವಿನ ಗಿಡದಿಂದ ಈಚೆಗೆ ನಿಮ್ಮದು' ಎಂದರು. ಗಿಡ ಕಡಿದ ದಿನ ಗಡಿಯೂ ಹೋಯಿತು.

ಹಾಗೆಂದು ನಮ್ಮ ಹಿರಿಯರ ಹೆಸರು ಸರ್ಕಾರದ ದಫ್ತರದಲ್ಲಿ ಇರಲೇ ಇಲ್ಲ ಎನ್ನುವಂತಿಲ್ಲ. ಇತ್ತು, ಬೇರೆ ಪುಸ್ತಕದಲ್ಲಿತ್ತು. 1874ರ ಮುಂಬಯಿ ಪರಂಪರಾಗತ ಹುದ್ದೆಗಳ ಕಾಯ್ದೆ ಕೆಳ ವತನದಾರರನ್ನು ಲೆಕ್ಕವಿಟ್ಟು ನೋಡಿಕೊಂಡಿತು. ಊರ ಚಾಕರಿ ಯಾವ ಮನೆತನದ್ದು, ಕಂದಾಯದ ಚೀಲ ಹೊರುವವರು ಯಾರು, ಸತ್ತ ದನ ಎಳೆಯುವವರು ಯಾರು, ಸಾಹೇಬ ಬಂದರೆ ಕುದುರೆಯ ಮುಂದೆ ಓಡುವವರು ಯಾರು ಎಂಬ ಗುಲಾಮಗಿರಿಗೆ ತಲೆಮಾರುಗಟ್ಟಲೆ ಹಿಡಿತ ಸಿಕ್ಕಿತು. ಪ್ರತಿಯಾಗಿ ಒಂದು ತುಣುಕು ಹೊಲ, ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ 1928ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಮಂಡಿಸಿದ್ದು ಇದಕ್ಕೇ. ಅದು ಆಗ ಪಾಸಾಗಲಿಲ್ಲ. ನಮ್ಮ ಭಾಗದಲ್ಲಿ ವತನದ ಚಾಕರಿ ಕಾನೂನಿನ ಮೇಲೆ ಮುಗಿಯಬೇಕಾದರೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬರಬೇಕಾಯಿತು, ಅದು ಜಾರಿಯಾದದ್ದು 1963ರಲ್ಲಿ. ಅಂದರೆ ದುಡಿಸಿಕೊಳ್ಳಲು ನಮ್ಮನ್ನು ಗುರುತಿಸುವ ವಿದ್ಯೆ ಆಳುವವರಿಗೆ ಚೆನ್ನಾಗಿ ಬರುತ್ತಿತ್ತು. ನಮ್ಮ ತಲೆ ಮೇಲಿನ ಸೂರನ್ನು ಗುರುತಿಸುವ ವಿದ್ಯೆ ಮಾತ್ರ ಬರಲಿಲ್ಲ.

1971ರಲ್ಲಿ ಕೇಂದ್ರ ಸರ್ಕಾರ ಭೂರಹಿತ ಕೂಲಿಕಾರರಿಗೆ ನಿವೇಶನ ಕೊಡುವ ಯೋಜನೆಯೊಂದನ್ನು ತಂದಿತು. 1974ರಲ್ಲಿ ಅದನ್ನು ರಾಜ್ಯಗಳ ಕೊರಳಿಗೆ ಕಟ್ಟಿತು. ಇಲ್ಲಿ ದೇವರಾಜ ಅರಸರ ಕಾಲ. ಜನತಾ ಪ್ಲಾಟು, ಜನತಾ ಮನಿ ಎಂಬ ಮಾತು ಕೇರಿಯ ಬಾಯಿಗೆ ಬಂದದ್ದು ಆಗಲೇ. ಅರಸರನ್ನು ನಾವು ಸುಲಭವಾಗಿ ತಳ್ಳಿಹಾಕುವುದಿಲ್ಲ. ನಮ್ಮ ಎಷ್ಟೋ ಹಿರಿಯರ ಹೆಸರು 'ಹಕ್ಕುಪತ್ರ' ಎಂಬ ಕಾಗದದ ಮೇಲೆ ಮೊದಲ ಸಲ ಯಜಮಾನನಾಗಿ ಬಿದ್ದದ್ದು ಆ ದಿನಗಳಲ್ಲಿ. ಆದರೆ ಪ್ಲಾಟು ಬಿದ್ದದ್ದು ಎಲ್ಲಿ? ಯಾರಿಗೂ ಬೇಡವಾದ ತಗ್ಗಿನಲ್ಲಿ. ಚಕ್ಕುಬಂದಿ ಬರೆದಾಗ ಮೂಡಕ್ಕೆ ಯಾರು, ಪಡುವಕ್ಕೆ ಯಾರು ಎಂದು ನಂಬರಿನಲ್ಲಿ ಬರೆದರು, ನೆಲದ ಮೇಲೆ ಕಲ್ಲು ಹಾಕಲಿಲ್ಲ. ಹತ್ತನೇ ನಂಬರಿನವ ಹನ್ನೆರಡರಲ್ಲಿ ಕಟ್ಟಿಕೊಂಡ, ಹನ್ನೆರಡರವ ದುಡಿಯಲು ಗೋವಾಕ್ಕೆ ಹೋದ. ಮೂಲದವ ತೀರಿಕೊಂಡ ಮೇಲೆ ವಾರಸಾ ಹಚ್ಚಿಸಬೇಕೆಂದು ತಿಳಿದವರೆಷ್ಟು ಮಂದಿ? ಮೂವತ್ತು ವರ್ಷ ಕಳೆದ ಮೇಲೆ ಮೊಮ್ಮಗ ಆ ಹಕ್ಕುಪತ್ರ ಹಿಡಿದು ಹೋದರೆ, 'ಇದು ನಿನ್ನ ಹೆಸರಲ್ಲಿಲ್ಲ, ಇದು ಈ ಜಾಗದ್ದೂ ಅಲ್ಲ' ಎನ್ನುತ್ತಾರೆ. ಅಣ್ಣಿಗೇರಿಯ ಹಳ್ಳಿಗಳಿಗೆ ಇನ್ನೊಂದು ಗಂಟು: ಅಣ್ಣಿಗೇರಿ ತಾಲೂಕಾದದ್ದು ಇತ್ತೀಚೆಗೆ, ಹಳೆಯ ಕಾಗದದ ಮೇಲೆ ಇರುವುದು ನವಲಗುಂದ ತಾಲೂಕು. ಒಂದು ನಕಲಿಗೆ ಎರಡು ಊರಿನ ಬಸ್ ಚಾರ್ಜು.

ಈಗ ದಿಲ್ಲಿಯ ದೊಡ್ಡ ರೊಕ್ಕದ ಮಾತು. 1983ರಲ್ಲಿ ಗ್ರಾಮೀಣ ಭೂರಹಿತರ ಉದ್ಯೋಗ ಖಾತರಿ ಕಾರ್ಯಕ್ರಮ ಬಂತು. ಅದರ ಒಂದು ಕವಲಾಗಿ 1985ರಲ್ಲಿ ಇಂದಿರಾ ಆವಾಸ್ ಯೋಜನೆ ಹುಟ್ಟಿತು. ಹುಟ್ಟುವಾಗ ಅದು ಇದ್ದದ್ದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಬಿಡುಗಡೆಯಾದ ಜೀತದಾಳುಗಳಿಗೆ. ಇಲ್ಲೇ ಒಂದು ವ್ಯಂಗ್ಯ ಇದೆ. ಜೀತ ರದ್ದಾದದ್ದು 1976ರ ಕಾಯ್ದೆಯಿಂದ. ಬಿಡುಗಡೆಯಾದ ಜೀತದಾಳು ಎನಿಸಿಕೊಳ್ಳಬೇಕಾದರೆ ಬಿಡುಗಡೆ ಪತ್ರ ಬೇಕು. ಸಾಲಕ್ಕೆ ದುಡಿಸಿಕೊಂಡ ಧಣಿ ಯಾವತ್ತಾದರೂ ಅದನ್ನು ಕಾಗದದಲ್ಲಿ ಬರೆದು ಇಟ್ಟಿದ್ದನೆ? ಜೀತಕ್ಕೆ ಪುರಾವೆ ಇಲ್ಲ, ಆದ್ದರಿಂದ ಜೀತವೇ ಇಲ್ಲ, ಆದ್ದರಿಂದ ಮನೆಯೂ ಇಲ್ಲ.

1989ರಲ್ಲಿ ಯೋಜನೆ ಜವಾಹರ ರೋಜಗಾರದೊಳಗೆ ಸೇರಿತು. 1993-94ರಿಂದ ಇತರ ಜಾತಿಯ ಬಡವರಿಗೂ ತೆರೆಯಿತು. 1996ರ ಜನವರಿ 1ರಿಂದ ಸ್ವತಂತ್ರ ಯೋಜನೆಯಾಯಿತು. ಅದರ ಮಾರ್ಗಸೂಚಿಯನ್ನು ಕೂತು ಓದಿದರೆ ಸಿಟ್ಟು ಬರುವುದಿಲ್ಲ, ಒಂದು ರೀತಿಯಲ್ಲಿ ಬೆರಗಾಗುತ್ತದೆ. ಕನಿಷ್ಠ 60 ಭಾಗ ಪರಿಶಿಷ್ಟರಿಗೆ. ಮನೆ ಹೆಂಗಸಿನ ಹೆಸರಿಗೆ, ಇಲ್ಲವೆ ಗಂಡಹೆಂಡಿರ ಜಂಟಿ ಹೆಸರಿಗೆ. ಗುತ್ತಿಗೆದಾರ ಒಳಗೆ ಬರಕೂಡದು. ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು. ಕಟ್ಟಿದ ಮೇಲೆ ಮನೆಯ ಮುಂದೆ ಫಲಕ ಹಾಕಬೇಕು, ಕಟ್ಟಿಸಿದ ಒಟ್ಟು ಮನೆಗಳ ದಾಸ್ತಾನು ಪಟ್ಟಿ ಇಡಬೇಕು. ಇಂಥ ನಿಯಮಗಳನ್ನು ಬರೆದವರಿಗೆ ಕೇರಿಯ ಶತ್ರು ಯಾರು ಎಂದು ಗೊತ್ತಿತ್ತು ಅನಿಸುತ್ತದೆ. ಹಾಗಾದರೆ ಏನಾಯಿತು?

ಇದಕ್ಕೆ ನಮ್ಮ ಮಾತು ಬೇಡ, ಸರ್ಕಾರದ್ದೇ ಮಾತು ಇದೆ. 2008ರಿಂದ 2013ರವರೆಗಿನ ಐದು ವರ್ಷಗಳ ಇಂದಿರಾ ಆವಾಸನ್ನು ಭಾರತದ ಮಹಾಲೇಖಪಾಲರು ಪರೀಕ್ಷೆ ಮಾಡಿ 2014ರಲ್ಲಿ ವರದಿ ಕೊಟ್ಟರು. ದೇಶದ ಹಲವು ಕಡೆ ಅನರ್ಹರಿಗೆ ಮನೆ ಹೋಗಿತ್ತು, ದಾಸ್ತಾನು ಪಟ್ಟಿಯನ್ನೇ ಇಟ್ಟಿರಲಿಲ್ಲ. ಸರಿಯಾಗಿ ನೋಡಿರಿ ಗೆಳೆಯರೇ. ಬಡವನ ಹತ್ತಿರ ಉತಾರ ಇಲ್ಲದಿದ್ದರೆ ಅರ್ಜಿ ತಿರಸ್ಕಾರ. ಸರ್ಕಾರದ ಹತ್ತಿರ ತಾನು ಕಟ್ಟಿಸಿದ ಮನೆಗಳ ಪಟ್ಟಿಯೇ ಇಲ್ಲದಿದ್ದರೆ ಅದು 'ಲೆಕ್ಕಪರಿಶೋಧನೆಯ ಆಕ್ಷೇಪಣೆ', ಅದಕ್ಕೆ ಒಂದು ಸಮಜಾಯಿಷಿ ಬರೆದರೆ ಮುಗಿಯಿತು.

2011ರಲ್ಲಿ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ನಡೆಯಿತು. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಬಂದಾಗ ಆ ಗಣತಿಯೇ ಬುನಾದಿಯಾಯಿತು. ಮನೆ ಇಲ್ಲದವರು, ಒಂದು ಕೋಣೆಯವರು, ಎರಡು ಕೋಣೆಯ ಕಚ್ಚಾ ಗೋಡೆ ಕಚ್ಚಾ ಛಾವಣಿಯವರು ಎಂದು ಸಾಲು ಕಟ್ಟಿದರು. ಬಾಗಿಲಲ್ಲಿ ಹತ್ತು ಹದಿಮೂರು ಅಡ್ಡಗಟ್ಟೆ ಇಟ್ಟರು: ಗಾಡಿ ಇದ್ದರೆ ಇಲ್ಲ, ಫ್ರಿಜ್ ಇದ್ದರೆ ಇಲ್ಲ, ಮನೆಯಲ್ಲಿ ಒಬ್ಬ ತಿಂಗಳಿಗೆ 10,000 ದುಡಿದರೆ ಇಲ್ಲ. ಗೌಂಡಿ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿಬರಲು ಸಾಲದಲ್ಲಿ ತೆಗೆದುಕೊಂಡ ಹಳೇ ಬೈಕು ಎಷ್ಟು ಮನೆಗಳಿಗೆ ಅಡ್ಡಬಂತೋ. ಬೈಕಿನ ಅಡ್ಡಿಯನ್ನು ಮುಂದೆ ತೆಗೆದರು, ದುಡಿಮೆಯ ಮಿತಿಯನ್ನು 15,000ಕ್ಕೆ ಏರಿಸಿದರು. ಅಷ್ಟರಲ್ಲಿ ಎಷ್ಟೋ ಪಟ್ಟಿಗಳು ಮುಗಿದುಹೋಗಿದ್ದವು.

ಇನ್ನು ಕಚ್ಚಾ ಎಂಬ ಮಾತು. ನವಲಗುಂದ ಕುಂದಗೋಳದ ಎರಿ ಸೀಮೆಯಲ್ಲಿ ಮನೆಯೆಂದರೆ ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ. ಗೌಡರ ಹಳೇ ವಾಡೆಯೂ ಮಣ್ಣೇ, ನಮ್ಮ ಗುಡಿಸಲೂ ಮಣ್ಣೇ. ಅವರ ಗೋಡೆ ಎರಡು ಮೊಳ ದಪ್ಪ, ತೊಲೆ ಸಾಗವಾನಿ. ನಮ್ಮದು ಜಾಲಿ ಗಳ. ಗಣತಿಯ ಚೌಕಟ್ಟಿನಲ್ಲಿ ಎರಡೂ 'ಮಣ್ಣು'. ಗಣತಿಯವನು ಗೋಡೆ ಯಾವುದರದು ಎಂದು ಕೇಳಿದ, ಯಾರ ಮೈಮೇಲೆ ಬೀಳುತ್ತದೆ ಎಂದು ಕೇಳಲಿಲ್ಲ.

ರೊಕ್ಕದ ಲೆಕ್ಕವನ್ನೂ ನೋಡಬೇಕು. ಬಯಲು ನಾಡಿಗೆ 1,20,000, ಗುಡ್ಡಗಾಡಿಗೆ 1,30,000. ಇದರಲ್ಲಿ ಕೇಂದ್ರದ್ದು 60 ಭಾಗ, ರಾಜ್ಯದ್ದು 40. ಮನೆ ಕನಿಷ್ಠ 25 ಚದರ ಮೀಟರ್. ಗುಡ್ಡಕ್ಕೆ ಹತ್ತು ಸಾವಿರ ಹೆಚ್ಚು ಕೊಟ್ಟದ್ದು ಸರಿಯೇ. ಎರಿ ಭೂಮಿಗೆ? ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು ಮಳೆಗಾಲದಲ್ಲಿ ಹಿಟ್ಟಿನಂತೆ ಉಬ್ಬುವ ಈ ನೆಲದಲ್ಲಿ ತಳಪಾಯವನ್ನು ಗಟ್ಟಿ ಸಿಗುವತನಕ ಆಳಕ್ಕೆ ಒಯ್ಯಬೇಕು, ಇಲ್ಲದಿದ್ದರೆ ಎರಡೇ ಮಳೆಗಾಲಕ್ಕೆ ಗೋಡೆ ಸೀಳುತ್ತದೆ. ಮೊದಲ ಕಂತು ಮಣ್ಣೊಳಗೇ ಹೂತುಹೋಗುತ್ತದೆ. ಕಂತು ಬಿಡುವುದು ಫೋಟೋ ನೋಡಿ: ತಳಪಾಯದ್ದು, ಗೋಡೆಯದು, ಛಾವಣಿಯದು. ಉಪಗ್ರಹ ಹೇಳುವ ಜಾಗದಲ್ಲೇ ಫಲಾನುಭವಿ ನಿಂತಿರಬೇಕು. ನೆಲದ ಕೆಳಗೆ ಹೋದ ಖರ್ಚು ಯಾವ ಫೋಟೋದಲ್ಲೂ ಬೀಳುವುದಿಲ್ಲ. ಗೋಡೆ ಏಳಲಿಲ್ಲ, ಕಂತು ನಿಂತಿತು, 'ಕಟ್ಟಿಕೊಳ್ಳಲಿಲ್ಲ' ಎಂದು ಬರೆದುಕೊಂಡರು. ನಮ್ಮ ಸೀಮೆಯಲ್ಲಿ ಅರ್ಧಕ್ಕೆ ನಿಂತು ಜಾಲಿ ಬೆಳೆದ ಗೋಡೆಗಳನ್ನು ನೋಡಿ ನಕ್ಕು ಹೋಗುವ ಪ್ಯಾಂಟಿನ ಜನ ಈ ಲೆಕ್ಕ ಒಮ್ಮೆ ಮಾಡಲಿ.

ಕಲಘಟಗಿಯ ಕಥೆ ಬೇರೆ. ಅಲ್ಲಿ ಕೆಂಪು ನೆಲ, ಹಂಚಿನ ಮನೆ, ಅಡವಿಯ ಅಂಚು. ಅಲ್ಲಿನ ಸಿದ್ದಿಗಳನ್ನು ತೆಗೆದುಕೊಳ್ಳಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಗಡಿ ದಾಟಿದರೆ ಹಳಿಯಾಳ, ಈಚೆಗೆ ಕಲಘಟಗಿ. ಅದೇ ಜನ, ಅದೇ ಬೀಗತನ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಗಳ ಹೆಸರು ಪಟ್ಟಿಗೆ ಬಂದದ್ದು 2020ರ ತಿದ್ದುಪಡಿಯಿಂದ. ಈ ಹದಿನೇಳು ವರ್ಷ ಅಕ್ಕ ಆದಿವಾಸಿ, ತಂಗಿ ಅಲ್ಲ. 60 ಭಾಗದ ಮೀಸಲು ಇದ್ದ ಯೋಜನೆಯಲ್ಲಿ ಇದು ಸಣ್ಣ ಮಾತಲ್ಲ. ತಾಂಡಾಗಳದ್ದು ಮತ್ತೊಂದು ಗೋಳು. ಸರ್ಕಾರಿ ನೆಲದಲ್ಲೋ ಅಡವಿಯಂಚಿನಲ್ಲೋ ಎದ್ದ ತಾಂಡಾ ಊರೆಂದು ದಾಖಲಾಗುವತನಕ ಅಲ್ಲಿ ಎದ್ದ ಮನೆ 'ಅತಿಕ್ರಮಣ'. ಭೂಕಂದಾಯ ಕಾಯ್ದೆಯ 94ಸಿ ಕಲಮು ಬಂದ ಮೇಲೆ ಕಂದಾಯ ನೆಲದಲ್ಲಿದ್ದವರಿಗೆ ಒಂದು ದಾರಿಯಾಯಿತು, ಅರಣ್ಯವೆಂದು ಬರೆದ ನೆಲದಲ್ಲಿದ್ದವರಿಗೆ ಅದೂ ಇಲ್ಲ.

ಈ ಎಲ್ಲ ದಫ್ತರದ ಬಣ್ಣ ಬಯಲಾದದ್ದು 2019ರಲ್ಲಿ. ಆಗಸ್ಟಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಮತ್ತೊಮ್ಮೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿದವು. ಹೆಸರು ಬೆಣ್ಣಿ, ತುಪ್ಪ. ತಿಂದದ್ದು ಮಣ್ಣಿನ ಗೋಡೆ. ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. 75 ಭಾಗಕ್ಕಿಂತ ಹೆಚ್ಚು ಬಿದ್ದರೆ ಎ, 5 ಲಕ್ಷ. ಸ್ವಲ್ಪ ಬಿದ್ದರೆ ಸಿ, 50,000. ನೆನೆದ ಮಣ್ಣಿನ ಗೋಡೆ ಸಮೀಕ್ಷೆಯವರು ಬಂದ ದಿನವೇ ಬೀಳಬೇಕೆಂದಿಲ್ಲ. ನೀರಿಳಿದು ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ಅಷ್ಟೊತ್ತಿಗೆ ಸಾಹೇಬರು 'ಸಿ' ಬರೆದು ಹೋಗಿರುತ್ತಾರೆ. ಒಂದು ಮಾಳಿಗೆಯ ಕೆಳಗೆ ಮೂವರು ಅಣ್ಣತಮ್ಮಂದಿರ ಮೂರು ಒಲೆ. ಪಂಚಾಯ್ತಿ ಉತಾರದಲ್ಲಿ ಒಂದೇ ನಂಬರು, ಅದೂ ಸತ್ತ ಅಪ್ಪನದು. ಪರಿಹಾರ ಒಂದಕ್ಕೆ. 'ನಾವು ಮೂರು ಮಂದಿ ಅದೀವಿರೀ' ಎಂದರೆ, 'ವಾಟ್ನಿ ಆಗೇತೇನು?' ಎಂಬ ಪ್ರಶ್ನೆ. ಎಂಟು ಅಂಕಣದ ಮನೆಗೆ ವಾಟ್ನಿ ಮಾಡಿಸಲು ವಕೀಲನ ಫೀ ಎಲ್ಲಿಂದ ತರುವುದು?

ಇಲ್ಲಿ ಒಂದು ಮಾತು ಬದಿಗೆ. 1980ರ ಜುಲೈ 21ರಂದು ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ಮಲಪ್ರಭೆಯ ನೀರು ನೆಟ್ಟಗೆ ಮುಟ್ಟದ ಹೊಲಗಳಿಗೂ ಅಭಿವೃದ್ಧಿ ಕರ ಹೇರಿದ್ದರ ವಿರುದ್ಧ ಎದ್ದ ಬಂಡಾಯ ಅದು. ಕಾಗದದ ಮೇಲಿನ ನೀರಿಗೆ ಕರ ಕೊಡೆವು ಎಂದು ರೈತರು ಹೇಳಿದರು, ರಾಜ್ಯವೇ ನಡುಗಿತು. ನ್ಯಾಯವಾದ ಸಿಟ್ಟು ಅದು. ಆದರೆ ಕಾಗದದ ಮೇಲಿನ ಮನೆಗಳ ವಿರುದ್ಧ ಕೇರಿ ಹಾಗೆ ಎದ್ದು ನಿಂತ ದಿನ ಯಾವ ಚರಿತ್ರೆಯ ಪುಸ್ತಕದಲ್ಲೂ ನಮಗೆ ಕಾಣಲಿಲ್ಲ. ಹೊಲ ಇದ್ದವನ ಜಗಳ ದಫ್ತರದ ಒಳಗಿನದು. ನಮ್ಮದು ದಫ್ತರದ ಹೊರಗಿನಿಂದ.

2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಶುರುವಾಯಿತು. ಡ್ರೋನ್ ಹಾರಿಸಿ ಗಾಂವಠಾಣ ಅಳೆಯುತ್ತಾರೆ. ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಿಂಗೇಟ್ ಬಿಟ್ಟುಹೋದ ಖಾಲಿ ಜಾಗವನ್ನು ತುಂಬಲು 170 ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಆದರೆ ಡ್ರೋನಿಗೆ ಕಾಣುವುದು ಇವತ್ತಿನ ಗೋಡೆ. ಯಾರೋ ಒತ್ತಿಕೊಂಡ ಮೂರು ಮೊಳ, ಮುಚ್ಚಿಹೋದ ಕೇರಿಯ ದಾರಿ, ಕಡಿದ ಬೇವಿನ ಗಿಡ ಅದಕ್ಕೆ ಕಾಣುವುದಿಲ್ಲ. ಕರಡು ನಕಾಶೆ ಪಂಚಾಯ್ತಿಗೆ ಬಂದಾಗ ತಕರಾರು ಬರೆದುಕೊಡದಿದ್ದರೆ ಒತ್ತುವರಿಯೇ ಉತಾರವಾಗಿ ಕೂರುತ್ತದೆ.

ಆದ್ದರಿಂದ ಸಾಲಿ ಮಾಸ್ತರರಲ್ಲಿ, ಕಾಲೇಜಿನ ಗೆಳೆಯ ಗೆಳತಿಯರಲ್ಲಿ ನಾವು ಕೇಳುವುದು ಒಂದು ಕೆಲಸ. ಕೇರಿಗೆ ಒಂದು ವಹಿ ಇಡೋಣ. ಮನೆ ನಂಬರು, ಒಲೆಗಳೆಷ್ಟು, ಹಕ್ಕುಪತ್ರ ಯಾವ ವರ್ಷದ್ದು ಮತ್ತು ಯಾರ ಹೆಸರಿನದು, ಅವರು ಇದ್ದಾರೋ ತೀರಿಕೊಂಡರೋ, ವಾರಸಾ ಆಗಿದೆಯೋ ಇಲ್ಲವೋ, ಯಾವ ಯೋಜನೆಯಲ್ಲಿ ಯಾವ ಕಂತು ಯಾವ ತಾರೀಖಿಗೆ ಬಂತು, ಯಾವುದು ಬರಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕೊಟ್ಟು ಪಂಚಾಯ್ತಿಯ ಫಲಾನುಭವಿ ಪಟ್ಟಿ, ಗ್ರಾಮಸಭೆಯ ನಡಾವಳಿ ತೆಗೆಸಿ ಇದರ ಮಗ್ಗುಲಿಗಿಟ್ಟು ಒಂದೊಂದೇ ಹೆಸರು ತಾಳೆ ನೋಡೋಣ. ಗ್ರಾಮಸಭೆ ನಡೆಯಿತೆಂದು ಬರೆದ ದಿನ ಕೇರಿಯ ಯಾರು ಅಲ್ಲಿದ್ದರು, ಹೆಬ್ಬೆಟ್ಟು ಯಾರದು ಎಂದು ಮನೆಮನೆಗೆ ಹೋಗಿ ಕೇಳೋಣ. ಬರೆಯುವವರು ಕೇರಿಯ ಹುಡುಗಿಯರೇ ಆಗಲಿ, ಓದಿದವರು ಈಗ ಅವರೇ ಹೆಚ್ಚು. ವಹಿಯನ್ನು ಪ್ರತಿ ಗ್ರಾಮಸಭೆಗೆ ಒಯ್ದು ಗಟ್ಟಿಯಾಗಿ ಓದಿಸೋಣ. ಓದಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳುವತನಕ ಏಳುವುದು ಬೇಡ.