ಹೊತ್ತು ಕದ್ದವರು ಯಾರು?

ಕಚೇರಿಯ ಹೊತ್ತಿನಲ್ಲಿ ಸ್ವಂತಕ್ಕೆ ಇಂಟರ್‌ನೆಟ್ ನೋಡುವವರನ್ನು ಕಳ್ಳರು ಅಂತ ಕರೆಯುವುದು ಈಗ ರೂಢಿಯಾಗಿದೆ. ಕ್ರಿಕೆಟ್ ಸ್ಕೋರು ನೋಡಿದವನು ಕಳ್ಳ. ಊರಿಗೆ ಹೋಗಲು ರೈಲಿನ ಟಿಕೆಟ್ಟು ಮಾಡಿಸಿದವನು ಕಳ್ಳ. ಅವ್ವನ ರಕ್ತ ಪರೀಕ್ಷೆಯ ವರದಿ ಬಂತಾ ಅಂತ ಎರಡು ನಿಮಿಷ ನೋಡಿದವಳೂ ಕಳ್ಳಿ. ಹಳೆಯ ಧಣಿಗಳು ನಮ್ಮನ್ನು ಮೈಗಳ್ಳರು ಅಂತಿದ್ದರು. ಹೊಸ ಧಣಿಗಳು ಸಮಯಗಳ್ಳರು ಅಂತಾರೆ. ಬೈಗುಳ ಬದಲಾಗಿದೆ, ಬೈಸಿಕೊಳ್ಳುವವರು ಬದಲಾಗಿಲ್ಲ.

ಕಳ್ಳತನ ಅನ್ನಬೇಕಾದರೆ ಮೊದಲು ಮಾಲು ಯಾರದು ಅನ್ನೋದು ಇತ್ಯರ್ಥವಾಗಬೇಕು. ಹೊತ್ತು ಯಾರದು? ದುಡಿಯುವವನದೋ, ದುಡಿಸುವವನದೋ? ಇದು ಕಂಪ್ಯೂಟರಿನ ಜೊತೆ ಹುಟ್ಟಿದ ಪ್ರಶ್ನೆಯಲ್ಲ. ನಮ್ಮ ಕೇರಿಗಳು ತಲೆತಲಾಂತರದಿಂದ ಉತ್ತರ ಸಿಗದೆ ಹೊತ್ತುಕೊಂಡು ಬಂದ ಪ್ರಶ್ನೆ. ಆದ್ದರಿಂದ ಇದರ ಚರಿತ್ರೆಯನ್ನು ನಾವು ಕೇರಿಯಿಂದಲೇ ಶುರುಮಾಡಬೇಕು.

1

ಹಳೆಯ ಮೈಸೂರಿನ ತೋಟಿ, ತಳವಾರ, ನೀರಗಂಟಿಗಳಿಗೆ ಕೆಲಸದ ಹೊತ್ತು ಅಂತ ಒಂದಿರಲಿಲ್ಲ. ಸಾಹೇಬ ಬಂದರೆ ಮುಂದೆ ಓಡಬೇಕು. ಸತ್ತ ಸುದ್ದಿ ಮುಟ್ಟಿಸಬೇಕು. ಡಂಗೂರ ಸಾರಬೇಕು. ದನ ಸತ್ತರೆ ಎಳೆಯಬೇಕು. ನಡುರಾತ್ರಿ ಕೂಗಿದರೂ "ಬಂದೆ ಬುದ್ಧಿ" ಅನ್ನಬೇಕು. ಜೀತದಾಳಿನ ಕತೆ ಇನ್ನೂ ಕೆಟ್ಟದು. ಅವನ ದಿನವಷ್ಟೇ ಅಲ್ಲ, ವರ್ಷಗಳೇ ಸಾಲದ ಪತ್ರದಲ್ಲಿ ಧಣಿಯ ಪೆಟ್ಟಿಗೆ ಸೇರಿರುತ್ತಿದ್ದವು.

ಮುಂಬಯಿ ಪ್ರಾಂತ್ಯದಲ್ಲಿ ಇದಕ್ಕೆ ಕಾಯಿದೆಯ ಮುದ್ರೆಯೇ ಇತ್ತು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಅದು. ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರಗಳೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಮೇಲಿನವರಿಗೆ ವತನ ಅಂದರೆ ಗೌರವ, ದರ್ಬಾರು. ಮಹಾರರಿಗೆ ವತನ ಅಂದರೆ ಮುಗಿಯದ ಚಾಕರಿ. 1928ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಈ ಕಾಯಿದೆಗೆ ತಿದ್ದುಪಡಿ ಮಸೂದೆ ತಂದರು. ಮಹಾರನ ಚಾಕರಿಗೆ ಹಗಲು ರಾತ್ರಿಗಳ ಮಿತಿ ಇಲ್ಲ, ಅವನು ಇಲ್ಲದಿದ್ದರೆ ಮನೆಯ ಇನ್ನೊಬ್ಬರನ್ನು ಕೆಲಸಕ್ಕೆ ಎಳೆಯುತ್ತಾರೆ ಅನ್ನೋದು ಅವರ ವಾದದ ತಿರುಳಾಗಿತ್ತು. ಆ ಮಸೂದೆ ಆಗ ಪಾಸಾಗಲಿಲ್ಲ. ಮುಂಬಯಿಯಲ್ಲಿ ಕೆಳಗಿನ ವತನಗಳು ರದ್ದಾಗಲು 1958 ಬರಬೇಕಾಯಿತು. ಮೈಸೂರು ರಾಜ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಮಾಡಿದ್ದು 1961ರಲ್ಲಿ. ಜೀತವಿಮುಕ್ತಿ ಕಾಯಿದೆ ಬಂದದ್ದು 1976ರಲ್ಲಿ.

ಈ ಇಸವಿಗಳನ್ನು ನಾವು ನೆನಪಿಡಬೇಕು. ಈ ದೇಶದಲ್ಲಿ ಕೋಟ್ಯಂತರ ಜನರ ಇಡೀ ಬದುಕಿನ ಹೊತ್ತನ್ನೇ ದೋಚಿದರಲ್ಲ, ಅದನ್ನು ಯಾರೂ ಕಳ್ಳತನ ಅನ್ನಲಿಲ್ಲ. ಧರ್ಮ ಅಂದರು. ಪದ್ಧತಿ ಅಂದರು. ಹಣೆಬರಹ ಅಂದರು.

2

ಹಳ್ಳಿ ಬಿಟ್ಟು ಮುಂಬಯಿಯ ಗಿರಣಿ ಸೇರಿದವರಿಗೆ ಗಡಿಯಾರ ಸಿಕ್ಕಿತು. ಆದರೆ ಅದು ಮಾಲೀಕನ ಗಡಿಯಾರ. ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೆ ದುಡಿತ. ವಿದ್ಯುತ್ ದೀಪ ಬಂದ ಮೇಲೆ ಸೂರ್ಯ ಮುಳುಗಿದರೂ ದುಡಿತ. ಕತ್ತಲು ಕೊಡುತ್ತಿದ್ದ ಬಿಡುವನ್ನೂ ಬಲ್ಬು ಕಸಿಯಿತು.

ಅಲ್ಲಿ ಎದ್ದು ನಿಂತವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸಂಗಾತಿ, ಸತ್ಯಶೋಧಕ ಸಮಾಜದವರು. 1884ರಲ್ಲಿ ಅವರು ಗಿರಣಿ ಕೆಲಸಗಾರರನ್ನು ಕೂಡಿಸಿ ಸರ್ಕಾರದ ಮುಂದೆ ಬೇಡಿಕೆ ಇಟ್ಟರು. ವಾರಕ್ಕೊಂದು ದಿನ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು ಅನ್ನೋದು ಅದರಲ್ಲಿ ಮುಖ್ಯ. ಎಷ್ಟು ಸಣ್ಣ ಬೇಡಿಕೆ ನೋಡಿ, ಬರೀ ಅರ್ಧ ಗಂಟೆ! ರೊಟ್ಟಿ ತಿನ್ನಲು, ಬೀಡಿ ಸೇದಲು, ಪಕ್ಕದವನ ಹತ್ತಿರ ಕಷ್ಟಸುಖ ಮಾತಾಡಲು ಬೇಕಾದ ಅರ್ಧ ಗಂಟೆ. 1890ರಲ್ಲಿ ಮುಂಬಯಿ ಗಿರಣಿಗಳಿಗೆ ಭಾನುವಾರದ ರಜೆ ಬಂತು. 1891ರ ಕಾರ್ಖಾನೆ ಕಾಯಿದೆಯಲ್ಲಿ ಮಧ್ಯಾಹ್ನದ ಬಿಡುವು ಸೇರಿತು. ದುಡಿಮೆಯ ಹೊತ್ತಿನ ನಡುವೆ ದುಡಿಯುವವನಿಗೆ ಅಂತ ಒಂದು ತುಂಡು ಹೊತ್ತು ಉಂಟು ಅನ್ನುವುದನ್ನು ಈ ದೇಶದ ಕಾನೂನು ಒಪ್ಪಿದ್ದು ಹೀಗೆ. ಇವತ್ತು ಹವಾನಿಯಂತ್ರಿತ ಕಚೇರಿಯಲ್ಲಿ ಕೂತು ಐದು ನಿಮಿಷ ಮೊಬೈಲು ನೋಡುವ ಹುಡುಗ ಹುಡುಗಿಯರಿಗೆ ಲೋಖಂಡೆಯವರ ಹೆಸರು ಗೊತ್ತಿಲ್ಲ. ಪಾಠ ಪುಸ್ತಕಗಳು ಹೇಳಿದ್ದರೆ ತಾನೆ ಗೊತ್ತಾಗೋದು?

ಮುಂದಿನ ಲೆಕ್ಕ ಹೀಗಿದೆ. ಕಾರ್ಖಾನೆ ಕಾಯಿದೆ 1922ರಲ್ಲಿ ವಾರಕ್ಕೆ 60 ಗಂಟೆಯ ಮಿತಿ ಹಾಕಿತು. 1934ರಲ್ಲಿ ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಿಗೆ ಅದು 54 ಆಯಿತು. 1946ರಲ್ಲಿ 48ಕ್ಕೆ ಇಳಿಯಿತು. ಈ ಕೊನೆಯ ತಿದ್ದುಪಡಿಯ ಮಸೂದೆಯನ್ನು ತಂದವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್. ಮಹಾರರ ಹೊತ್ತು ಬಿಡಿಸಲು 1928ರಲ್ಲಿ ಹೊರಟವರು ಎಲ್ಲ ಜಾತಿಯ ಕಾರ್ಮಿಕರಿಗೂ ವಾರದಲ್ಲಿ ಆರು ಗಂಟೆ ಬಿಡಿಸಿಕೊಟ್ಟರು. ಅಂಬೇಡ್ಕರ್ ನಮಗೆ ಸಂಬಂಧವಿಲ್ಲ ಅನ್ನುವ ಮೇಲ್ಜಾತಿ ನೌಕರ ಕೂಡ ಸಂಜೆ ಮನೆಗೆ ಹೊರಡುವಾಗ ಈ ಋಣವನ್ನು ಹೊತ್ತುಕೊಂಡೇ ಹೊರಡುತ್ತಾನೆ.

3

ಗಂಟೆಗಳಿಗೆ ಮಿತಿ ಬಿದ್ದ ಕಡೆ ಬಂಡವಾಳಶಾಹಿ ನಿಮಿಷಗಳಿಗೆ ಕೈ ಹಾಕಿತು. ಅಮೆರಿಕದ ಫ್ರೆಡರಿಕ್ ಟೇಲರ್ ಸ್ಟಾಪ್‌ವಾಚ್ ಹಿಡಿದು ಕೆಲಸಗಾರನ ಪ್ರತಿ ಅಲುಗಾಟವನ್ನೂ ಅಳೆಯಿಸಿದ. 1911ರಲ್ಲಿ ಅವನ ಪುಸ್ತಕ ಬಂತು. ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆ ಅನ್ನೋದು ಅವನ ದೂರು. ಅದೇ ವರ್ಷ ಆಗಸ್ಟಿನಲ್ಲಿ ವಾಟರ್‌ಟೌನ್ ಎಂಬಲ್ಲಿನ ಸರ್ಕಾರಿ ಶಸ್ತ್ರಾಗಾರದಲ್ಲಿ ಅಚ್ಚು ಹೊಯ್ಯುವ ಕೆಲಸಗಾರರು ಸ್ಟಾಪ್‌ವಾಚ್ ಕಂಡು ಕೆಲಸ ಬಿಟ್ಟು ಹೊರಗೆ ನಡೆದರು. ಗಲಾಟೆ ಅಮೆರಿಕದ ಸಂಸತ್ತಿನವರೆಗೆ ಹೋಯಿತು. 1915ರಲ್ಲಿ ಸಂಸತ್ತು ಸೈನ್ಯದ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಅಳತೆಗೆ ಸರ್ಕಾರದ ಹಣ ಬಳಸಬಾರದು ಅಂತ ತಡೆ ಹಾಕಿತು. ಅಳೆಯುವ ಕೈಯನ್ನು ತಡೆಯಬಹುದು ಅನ್ನುವುದಕ್ಕೆ ಇದೊಂದು ಸಾಕ್ಷಿ.

ಈಗ ಆ ಸ್ಟಾಪ್‌ವಾಚ್ ಕಂಪ್ಯೂಟರಿನ ಒಳಗೇ ಕೂತಿದೆ. ಯಾವ ಪುಟ ತೆರೆದೆ, ಎಷ್ಟು ಹೊತ್ತು ನೋಡಿದೆ, ಮೌಸು ಎಷ್ಟು ಹೊತ್ತು ಅಲುಗಾಡಲಿಲ್ಲ ಎಲ್ಲವನ್ನೂ ಅದು ಬರೆದುಕೊಳ್ಳಬಲ್ಲದು.

4

ನಮ್ಮ ದೇಶದ ಜನರಿಗೆ ಇಂಟರ್‌ನೆಟ್ ಸಿಗಲು ಶುರುವಾದದ್ದು 1995ರ ಆಗಸ್ಟ್ 15ರಂದು. ಮೊದಲ ವರ್ಷಗಳಲ್ಲಿ ಅದು ಉಳ್ಳವರ ಮನೆಯ ಸರಕು. ಉಳಿದವರಿಗೆ ಗಂಟೆಗಿಷ್ಟು ಅಂತ ದುಡ್ಡು ತೆತ್ತು ಕೂರುವ ಸೈಬರ್ ಕೆಫೆ, ಇಲ್ಲವೆ ಕೆಲಸದ ಜಾಗ. ಮೀಸಲಾತಿಯಲ್ಲಿ ಬ್ಯಾಂಕಿಗೋ ಕಚೇರಿಗೋ ಸೇರಿದ ಮೊದಲ ತಲೆಮಾರಿನವರನ್ನು ನೆನೆಸಿಕೊಳ್ಳಿ. ಇಡೀ ಕೇರಿಗೆ ಅವನೊಬ್ಬನೇ ನೌಕರ. ಅಣ್ಣನ ಮಗನ ವಿದ್ಯಾರ್ಥಿವೇತನದ ಅರ್ಜಿ, ತಂಗಿಯ ಪರೀಕ್ಷೆಯ ಫಲಿತಾಂಶ, ಅಪ್ಪನ ಎರಡು ಎಕರೆಯ ಪಹಣಿ ಎಲ್ಲಕ್ಕೂ ಅವನ ಮೇಜಿನ ಮೇಲಿನ ಯಂತ್ರವೇ ಕಿಟಕಿ. ದಫ್ತರದ ಭಾಷೆಯಲ್ಲಿ ಅದು "ಸ್ವಂತ ಕೆಲಸ". ನಮ್ಮ ಭಾಷೆಯಲ್ಲಿ ಅದು ಕೇರಿಗೆ ಮಾಡಿದ ಕೆಲಸ.

ಇದಕ್ಕೂ ನ್ಯಾಯಾಲಯದ ಚರಿತ್ರೆ ಉಂಟು. 2006ರಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಣ ಇಲಾಖೆಯ ನೌಕರನೊಬ್ಬನ ಮೇಲೆ ಇದೇ ಆರೋಪ ಬಂತು. ವಿಚಾರಣೆ ಮಾಡಿದ ಆಡಳಿತ ನ್ಯಾಯಾಧೀಶರು ಇಂಟರ್‌ನೆಟ್ಟನ್ನು ದಿನಪತ್ರಿಕೆ, ಟೆಲಿಫೋನುಗಳ ಸಾಲಿನಲ್ಲೇ ಇಟ್ಟು ನೋಡಬೇಕು ಎಂದು ಹೇಳಿ, ಛೀಮಾರಿ ಹಾಕಿದರೆ ಸಾಕು ಎಂದು ಶಿಫಾರಸು ಮಾಡಿದರು. ನ್ಯಾಯವಾದ ಮಾತು. ಮೇಜಿನ ಮೇಲೆ ಕಾಲು ಚಾಚಿ ಪೇಪರು ಓದಿದ ದೊಡ್ಡ ಸಾಹೇಬನನ್ನು ಯಾವ ಕಾಲದಲ್ಲಿ ಯಾರು ಕಳ್ಳ ಅಂದಿದ್ದಾರೆ?

ಇನ್ನೊಂದು ದೊಡ್ಡ ಮೊಕದ್ದಮೆ ರುಮೇನಿಯಾ ದೇಶದ್ದು. ಬೊಗ್ದಾನ್ ಬರ್ಬುಲೆಸ್ಕು ಬುಖಾರೆಸ್ಟಿನ ಒಂದು ಖಾಸಗಿ ಕಂಪನಿಯ ಎಂಜಿನಿಯರ್. ಗಿರಾಕಿಗಳಿಗೆ ಉತ್ತರ ಕೊಡಲೆಂದು ಕಂಪನಿಯೇ ಅವರಿಂದ ಯಾಹೂ ಮೆಸೆಂಜರ್ ಖಾತೆ ತೆರೆಸಿತ್ತು. ಸ್ವಂತಕ್ಕೆ ಬಳಸಬಾರದು ಅನ್ನುವ ನಿಯಮವೂ ಇತ್ತು. 2007ರ ಜುಲೈಯಲ್ಲಿ ಎಂಟೊಂಬತ್ತು ದಿನ ಕಂಪನಿ ಗುಟ್ಟಾಗಿ ಅವರ ಮಾತುಕತೆಯನ್ನು ದಾಖಲಿಸಿತು. ಸ್ವಂತಕ್ಕೆ ಬಳಸಿಲ್ಲ ಅಂತ ಅವರು ಹೇಳಿದಾಗ 45 ಪುಟಗಳ ಪ್ರತಿಯನ್ನು ಮುಂದಿಟ್ಟಿತು. ಅದರಲ್ಲಿ ತಮ್ಮ ಅಣ್ಣತಮ್ಮನ ಜೊತೆ, ಮದುವೆಯಾಗಲಿದ್ದ ಹುಡುಗಿಯ ಜೊತೆ ಆಡಿದ ಮಾತುಗಳಿದ್ದವು, ಆರೋಗ್ಯದ ಮಾತು, ಹಾಸಿಗೆಯ ಮಾತು ಕೂಡ. ಆಗಸ್ಟ್ 1ರಂದು ಕೆಲಸ ಹೋಯಿತು. ರುಮೇನಿಯಾದ ನ್ಯಾಯಾಲಯಗಳು ಕಂಪನಿಯ ಪರ ನಿಂತವು. 2016ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಒಂದು ಪೀಠವೂ ಹಾಗೇ ಹೇಳಿತು. ಆ ಮನುಷ್ಯ ಬಿಡಲಿಲ್ಲ. 2017ರ ಸೆಪ್ಟೆಂಬರ್ 5ರಂದು ಅದೇ ನ್ಯಾಯಾಲಯದ ಮಹಾಪೀಠ 11ಕ್ಕೆ 6 ಮತಗಳಿಂದ ಅವರ ಪರ ತೀರ್ಪು ಕೊಟ್ಟಿತು. ಕೆಲಸದ ಜಾಗದಲ್ಲಿ ಮನುಷ್ಯನ ಖಾಸಗಿ ಬದುಕನ್ನು ಮಾಲೀಕ ಸೊನ್ನೆ ಮಾಡುವಂತಿಲ್ಲ ಅನ್ನುವುದು ಅದರ ಸಾರ. ನಿಗಾ ಇಡಬಾರದು ಅಂತ ಅದು ಹೇಳಲಿಲ್ಲ. ಇಡುವುದಾದರೆ ಮೊದಲೇ ತಿಳಿಸಬೇಕು, ತಕ್ಕ ಕಾರಣ ಇರಬೇಕು, ಮಿತಿ ಇರಬೇಕು ಅಂದಿತು. ಹತ್ತು ವರ್ಷ ಹೋರಾಡಿದ್ದಕ್ಕೆ ಸಿಕ್ಕಿದ ಹಣ 1,365 ಯೂರೋ, ಅದೂ ಕೋರ್ಟು ಖರ್ಚಿಗೆ.

ಅದಕ್ಕೆ ಹನ್ನೆರಡು ದಿನ ಮೊದಲು, 2017ರ ಆಗಸ್ಟ್ 24ರಂದು, ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದ್ದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

5

ತೀರ್ಪು ಬಂತು ಸರಿ. ಪೊರಕೆ ಹಿಡಿದವರಿಗೆ ಅದು ತಲುಪಿತೇ? ನಾಗಪುರ, ಚಂಡೀಗಢ, ಪಂಚಕುಲಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದರು. ಎಲ್ಲಿ ನಿಂತೆ, ಎಲ್ಲಿ ಕೂತೆ ಅನ್ನೋದು ನಗರಪಾಲಿಕೆಗೆ ಕಾಣಬೇಕು. ಶೌಚಕ್ಕೆ ಹೋಗಲೂ ಹೆದರಿಕೆ ಅಂತ ಹೆಂಗಸರು ದೂರಿದರು. ಚಂಡೀಗಢದ ಪೌರಕಾರ್ಮಿಕರು 2020ರಲ್ಲಿ ಇದರ ವಿರುದ್ಧ ಬೀದಿಗಿಳಿದರು. ಬೀದಿ ಗುಡಿಸುವ ಜಾತಿ ಯಾವುದು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ತೋಟಿಯನ್ನು ಹೆಸರು ಹಿಡಿದು ಕೂಗುತ್ತಿದ್ದ ದನಿ ಈಗ ಕೈಗೇ ಬಂದು ಕೂತಿದೆ.

ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿ 1ರಿಂದ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ ತೆಗೆದು ಮೊಬೈಲ್ ಆ್ಯಪಿಗೆ ಹಾಕುವುದನ್ನು ಕಡ್ಡಾಯ ಮಾಡಿದರು. ನೆಟ್‌ವರ್ಕ್ ಸಿಗದ ಕಡೆ ಹಾಜರಿ ಬೀಳಲಿಲ್ಲ, ಮಣ್ಣು ಹೊತ್ತವರ ಕೂಲಿ ಮುಳುಗಿತು. ಕಚೇರಿಯವನಿಗೆ ಇಂಟರ್‌ನೆಟ್ ನೋಡಿದ್ದಕ್ಕೆ ಶಿಕ್ಷೆ, ಕೂಲಿಯವಳಿಗೆ ಇಂಟರ್‌ನೆಟ್ ಸಿಗದ್ದಕ್ಕೆ ಶಿಕ್ಷೆ!

ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ವಿಧಾನಸಭೆ ಕಾರ್ಖಾನೆಯ ದಿನವನ್ನು 12 ಗಂಟೆಯವರೆಗೆ ಎಳೆಯಲು ಅವಕಾಶ ಕೊಡುವ ತಿದ್ದುಪಡಿಯನ್ನು ಒಪ್ಪಿತು. ಅಕ್ಟೋಬರಿನಲ್ಲಿ ಇನ್ಫೋಸಿಸ್ಸಿನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆ, ಭಾನುವಾರವೂ ಸೇರಿ ಅಂದ ಮಾತು ಹೊರಬಂತು. ಲೋಖಂಡೆ ಗೆದ್ದುಕೊಟ್ಟ ಭಾನುವಾರವನ್ನು ವಾಪಸು ಕೇಳುತ್ತಿದ್ದಾರೆ. ರಾತ್ರಿ ಹತ್ತಕ್ಕೆ ಮನೆಗೆ ಬರುವ ಮ್ಯಾನೇಜರನ ವಾಟ್ಸಾಪು ಸಂದೇಶ ಯಾರ ಹೊತ್ತಿನ ಕಳ್ಳತನ?

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ವಿಧವಾ ವೇತನಕ್ಕಾಗಿ ನಾಡಕಚೇರಿಯ ಕಿಟಕಿಯ ಮುಂದೆ ತಾಯಿಯೊಬ್ಬಳು ನಿಂತಿದ್ದಾಳೆ. ಅವಳು ಆ ದಿನದ ಕೂಲಿ ಬಿಟ್ಟು ಬಂದವಳು. ಒಳಗೆ ಗುಮಾಸ್ತ ಮೊಬೈಲಿನಲ್ಲಿ ಮುಳುಗಿದ್ದಾನೆ. ಅವನು ನಮ್ಮ ಜಾತಿಯವನೇ ಆಗಿರಲಿ, ಸಂಘದ ಸದಸ್ಯನೇ ಆಗಿರಲಿ, ಅದನ್ನು ನಾವು ಹಕ್ಕು ಅನ್ನುವುದಿಲ್ಲ. ಅವನು ಕದ್ದದ್ದು ಸರ್ಕಾರದ ಹೊತ್ತನ್ನಲ್ಲ, ಆ ತಾಯಿಯ ಹೊತ್ತನ್ನು. ಬಡವರನ್ನು ಕಾಯಿಸಿದ ಹೊತ್ತಿಗೆ ಈ ದೇಶದಲ್ಲಿ ಬೆಲೆ ಕಟ್ಟಿದವರೇ ಕಡಿಮೆ. ಕರ್ನಾಟಕದಲ್ಲಿ 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯಿದೆ ತಡವಾದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತ ಬರೆಯಿತು. ಮೊತ್ತ ಚಿಕ್ಕದು, ಆದರೆ ಅದರ ಹಿಂದಿನ ವಿಚಾರ ಚಿಕ್ಕದಲ್ಲ. ಕಾಯುವವರ ಹೊತ್ತೂ ಹೊತ್ತೇ ಅಂತ ಕಾನೂನು ಒಪ್ಪಿಕೊಂಡಿತು.

ಹೊತ್ತುಗಳ್ಳತನವನ್ನು ಅಳೆಯುವ ಕೋಲು ಇದು: ನಿನ್ನಿಂದ ಯಾರು ಕಾದರು? ಯಾರೂ ಕಾಯದಿದ್ದರೆ, ಕೆಲಸ ಕೆಡದಿದ್ದರೆ, ಆ ಐದು ನಿಮಿಷ ದುಡಿಯುವವರದು. ಅದನ್ನು ಕಿಂಡಿಯಲ್ಲಿ ಇಣುಕಿ ನೋಡುವ ಹಕ್ಕು ಯಾವ ಧಣಿಗೂ ಇಲ್ಲ. ಸಂಘಗಳು ಕೂಲಿಯ ಜೊತೆಗೆ ಇದನ್ನೂ ಕೇಳಬೇಕು. ತಿಳಿಸದೆ ನಿಗಾ ಇಡಬಾರದು. ಪೌರಕಾರ್ಮಿಕರ ಮೈಮೇಲೆ ಯಂತ್ರ ಕಟ್ಟಬಾರದು. ಕೆಲಸ ಮುಗಿದ ಮೇಲೆ ಫೋನು ಎತ್ತದಿರುವ ಹಕ್ಕು ಬೇಕು. ಮೇಷ್ಟರುಗಳು ಮಕ್ಕಳಿಗೆ ಮೇ ದಿನದ ಜೊತೆ ಲೋಖಂಡೆಯವರ ಅರ್ಧ ಗಂಟೆಯನ್ನೂ ಹೇಳಿಕೊಡಬೇಕು.

ನಮ್ಮ ಅಜ್ಜಂದಿರ ಹೊತ್ತಿಗೆ ಲೆಕ್ಕವೇ ಇರಲಿಲ್ಲ. ನಮ್ಮ ಹೊತ್ತಿಗೆ ಲೆಕ್ಕ ಇದೆ, ಆದರೆ ಪುಸ್ತಕ ಧಣಿಯ ಕೈಲಿದೆ. ಆ ಪುಸ್ತಕವನ್ನು ಇನ್ನು ನಾವೂ ಬರೆಯಬೇಕು.