ಗರ್ಭಿಣಿಯರ ತೂಕವೃದ್ಧಿ

ಗರ್ಭಧಾರಣೆಯಿಂದ ಪ್ರಸವದವರೆಗೆ ಸ್ತ್ರೀಯ ದೇಹತೂಕದಲ್ಲುಂಟಾಗುವ ಸಹಜವಾದ ಏರಿಕೆ. ಅದರ ಪ್ರಮಾಣವನ್ನು ಕುರಿತ ವೈದ್ಯಮತವು ಸುಮಾರು ನೂರು ವರ್ಷಗಳಲ್ಲಿ ನಿರ್ಬಂಧದಿಂದ ಪೋಷಣೆಯ ಕಡೆಗೆ ತಿರುಗಿದುದೇ ಈ ವಿಷಯದ ಚರಿತ್ರೆಯ ಸಾರ.

ಪ್ರಾಚೀನ ಭಾರತದಲ್ಲಿ ಚರಕಸಂಹಿತೆಯ ಶಾರೀರಸ್ಥಾನವು ಮೊದಲ ತಿಂಗಳಿಗೆ ಹಾಲು, ಮೂರನೆಯದಕ್ಕೆ ಜೇನು ತುಪ್ಪಗಳೊಡನೆ ಹಾಲು, ನಾಲ್ಕನೆಯದಕ್ಕೆ ಬೆಣ್ಣೆ, ಎಂಟನೆಯದಕ್ಕೆ ಹಾಲಿನ ಗಂಜಿ ಎಂದು ಮಾಸಾನುಮಾಸಿಕವಾದ ಪಥ್ಯವನ್ನು ವಿಧಿಸಿತು. ಯೂರೋಪಿನಲ್ಲಾದರೋ, ರಿಕೆಟ್ಸ್ ರೋಗದಿಂದ ಶ್ರೋಣಿ ಸಂಕುಚಿತವಾದ ಸ್ತ್ರೀಯರಿಗೆ ಪ್ರಸವವೇ ಪ್ರಾಣಾಂತಿಕವಾಗುತ್ತಿದ್ದುದರಿಂದ, ಅಕಾಲಪ್ರಸವವನ್ನು ಕೃತಕವಾಗಿ ಉಂಟುಮಾಡುವುದಕ್ಕೆ ಬದಲಾಗಿ, ಕಡೆಯ ವಾರಗಳಲ್ಲಿ ಪಿಷ್ಟಪದಾರ್ಥಗಳನ್ನೂ ದ್ರವಗಳನ್ನೂ ಮಿತಗೊಳಿಸಿ ಶಿಶುವನ್ನು ಕೃಶವಾಗಿರಿಸುವ ಪಥ್ಯವನ್ನು ಹ್ಯಾಂಬರ್ಗಿನ ವೈದ್ಯ ಲುಡ್ವಿಗ್ ಪ್ರೊಖೋವ್ನಿಕ್ 1889ರಲ್ಲಿ ಪ್ರಕಟಿಸಿದನು. ಕೆಲವರ ಸಂಕಟಕ್ಕೆ ಹುಡುಕಿದ ಈ ಉಪಾಯದ ಹಿಂದಿನ ಮಿತಾಹಾರದ ನೀತಿಯು ಕ್ರಮೇಣ ಎಲ್ಲರಿಗೂ ಅನ್ವಯವಾಯಿತು. ಅಧಿಕ ತೂಕವೇ ಗರ್ಭಿಣಿಯರ ನಂಜಿಗೆ (ಟಾಕ್ಸೀಮಿಯ) ಕಾರಣವೆಂದು ಬಗೆದ ಅಮೆರಿಕದ ವೈದ್ಯರು 20ನೆಯ ಶತಮಾನದ ಮಧ್ಯದವರೆಗೂ ಸುಮಾರು 7ರಿಂದ 9 ಕಿಲೋಗ್ರಾಂಗಳ ಮೇರೆಯನ್ನು ವಿಧಿಸುತ್ತಿದ್ದರು.

1944–45ರ ಚಳಿಗಾಲದಲ್ಲಿ ನೆದರ್ಲೆಂಡಿನ ಪಶ್ಚಿಮಭಾಗವನ್ನು ಆವರಿಸಿದ ಕ್ಷಾಮವು, ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿ ಹಸಿದಲ್ಲಿ ಶಿಶುವಿನ ಜನ್ಮತೂಕ ಸುಮಾರು 300 ಗ್ರಾಂ ಕುಗ್ಗುವುದೆಂಬುದನ್ನು ದಾರುಣವಾಗಿ ತೋರಿಸಿಕೊಟ್ಟಿತು. ನಿರ್ಬಂಧವಿಲ್ಲದೆ ಉಂಡ ಆರೋಗ್ಯವತಿಯರಾದ ಚೊಚ್ಚಲ ಗರ್ಭಿಣಿಯರಲ್ಲಿ ಸರಾಸರಿ ವೃದ್ಧಿ 12.5 ಕಿಲೋಗ್ರಾಂ ಎಂದು ಸಂಶೋಧಕರಾದ ಹೈಟನ್ ಮತ್ತು ಲೀಚ್ 1964ರ ತಮ್ಮ ಗ್ರಂಥದಲ್ಲಿ ಗಣಿಸಿದರು: ಅದರಲ್ಲಿ ಶಿಶುವಿನ ಪಾಲು ಸುಮಾರು 3.4 ಕಿಲೋಗ್ರಾಂ ಮಾತ್ರ. ಹೆಚ್ಚುಕಡಮೆ ಅಷ್ಟೇ ತೂಕದ ಮೇದಸ್ಸು ತಾಯಿಯ ಒಡಲಿನಲ್ಲಿ ಸಂಚಯವಾಗುವುದು. ಉಳಿದುದು ಮಾಸು, ಗರ್ಭೋದಕ, ಗರ್ಭಕೋಶ, ಸ್ತನ, ವೃದ್ಧಿಸಿದ ರಕ್ತ ಮತ್ತು ಇತರ ದ್ರವಗಳದು. 1970ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಮೇರೆಯನ್ನು 9ರಿಂದ 11 ಕಿಲೋಗ್ರಾಂಗಳಿಗೆ ಏರಿಸಿತು.

ಎಲ್ಲರಿಗೂ ಒಂದೇ ಅಳತೆ ಸಲ್ಲದೆಂಬ ವಿವೇಕವು 1990ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನೀಡಿದ ವರದಿಯಲ್ಲಿ ನೆಲೆಗೊಂಡಿತು. 2009ರಲ್ಲಿ ಆ ಸಂಸ್ಥೆಯು ಪರಿಷ್ಕರಿಸಿದ ಮಾನದ ಪ್ರಕಾರ, ಗರ್ಭಪೂರ್ವದಲ್ಲಿ ಕೃಶರಾದವರಿಗೆ 12.5ರಿಂದ 18, ಸಮತೂಕದವರಿಗೆ 11.5ರಿಂದ 16, ಅತಿತೂಕದವರಿಗೆ 7ರಿಂದ 11.5, ಸ್ಥೂಲಕಾಯರಿಗೆ 5ರಿಂದ 9 ಕಿಲೋಗ್ರಾಂಗಳು ಯುಕ್ತವಾದುವು. ವೃದ್ಧಿ ಕಡಮೆಯಾದರೆ ಶಿಶು ಕೃಶವಾಗಿಯೋ ಅವಧಿಗೆ ಮುನ್ನವೋ ಜನಿಸುವ ಸಂಭವ ಹೆಚ್ಚು. ಮಿತಿಮೀರಿದರೆ ಶಿಶು ಅತಿಯಾಗಿ ಬೆಳೆದು ಶಸ್ತ್ರಪ್ರಸವದ ಸಂಭವವೂ, ಹೆರಿಗೆಯ ಬಳಿಕ ಆ ತೂಕ ತಾಯಿಯಲ್ಲಿಯೇ ಉಳಿಯುವ ಸಂಭವವೂ ಅಧಿಕವಾಗುವುವು.

ಮಿತಾಹಾರದ ಒಲವು ಜನರ ನಂಬಿಕೆಯಲ್ಲಿಯೂ ಉಂಟು. ದಕ್ಷಿಣ ಕನ್ನಡದ ಗ್ರಾಮಗಳಲ್ಲಿ ಅಧ್ಯಯನ ನಡೆಸಿ 1983ರಲ್ಲಿ ಪ್ರಕಟಿಸಿದ ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಂಪತಿಗಳು, ಊಟ ಹೆಚ್ಚಿದರೆ ಹೊಟ್ಟೆಯಲ್ಲಿ ಕೂಸಿಗೆ ಎಡೆಯಿಲ್ಲದಾಗುವುದೆಂಬ ಭಾವನೆಯನ್ನೂ, ಸಣ್ಣ ಕೂಸೇ ಲೇಸೆಂಬ ಅಭಿಲಾಷೆಯನ್ನೂ ದಾಖಲಿಸಿದರು. ಕಷ್ಟಪ್ರಸವದ ಭೀತಿಯಿಂದ ಹುಟ್ಟಿದ ಈ ಎಚ್ಚರವನ್ನು ಅಜ್ಞಾನವೆಂದು ಹಳಿಯುವುದು ಸಲ್ಲದು. ಹ್ಯಾಂಬರ್ಗಿನ ವೈದ್ಯನ ತರ್ಕವೂ ಇದೇ ಆಗಿದ್ದಿತು. ಪೋಷಣೆಯ ಕೊರತೆಯನ್ನು ನೀಗಲೆಂದು ಕರ್ನಾಟಕದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯು ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟವನ್ನು ಮೊಟ್ಟೆ, ಹಾಲು, ಚಿಕ್ಕಿಗಳೊಡನೆ ಒದಗಿಸುವುದಕ್ಕೆ ರೂಪಿತವಾದುದು. ಗರ್ಭಿಣಿಯ ಆರೋಗ್ಯದ ವಿವರಗಳನ್ನು ದಾಖಲಿಸುವ ತಾಯಿ ಕಾರ್ಡಿನಲ್ಲಿ ಬರೆಯುವ ತೂಕದ ಅಂಕಿಯು ಸಾರ್ಥಕವಾಗಬೇಕಾದರೆ, ಅದನ್ನು ಆ ತಾಯಿಯ ಮೊದಲ ತೂಕದೊಡನೆ ಹೋಲಿಸಿ, ಕೊರತೆ ಕಂಡಲ್ಲಿ ಅವಳ ತಟ್ಟೆಗೆ ಅನ್ನವನ್ನೂ ಮೈಗೆ ವಿಶ್ರಾಂತಿಯನ್ನೂ ಒದಗಿಸುವ ಹೊಣೆಯನ್ನು ಮನೆಯವರೂ ಸಮಾಜವೂ ಹೊರತಕ್ಕದ್ದು.